ತಾರೀಖು ಸಿಗದ ಗದ್ದೆ

ನಮ್ಮ ಮೂವರಲ್ಲಿ ಯಾರೂ ಅಮೆರಿಕ ನೋಡಿದವರಲ್ಲ. ಆದರೂ ನಾರ್ತ್ ಕ್ಯಾರೊಲಿನಾದ ನಾರ್ತ್ ವಿಲ್ಕ್ಸ್‌ಬರೋ ಅನ್ನೋ ಸಣ್ಣ ಊರಿನ ರೇಸ್ ಟ್ರ್ಯಾಕಿನಲ್ಲಿ ಒಂದನೇ ತಿರುವಿಗೆ ಎಲ್ಲಿ ಬ್ರೇಕ್ ಒತ್ತಬೇಕು ಅಂತ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳ್ತೇವೆ. ಹಾಸ್ಟೆಲ್ ಬಿಟ್ಟು ಹೋಗುವಾಗ ಸೀನಿಯರ್ ಒಬ್ಬರು ದಾನ ಮಾಡಿದ ಸ್ಟೀರಿಂಗ್ ವೀಲು, ಒಂದು ಸ್ಪೀಕರ್ ಸತ್ತುಹೋದ ಲ್ಯಾಪ್‌ಟಾಪು, ಕಟ್ಟಿಲಿನ ಕಾಲಿಗೆ ಬಟ್ಟೆಹಗ್ಗದಲ್ಲಿ ಕಟ್ಟಿದ ಪೆಡಲು. ಇಷ್ಟರಲ್ಲೇ ನಮ್ಮ ಮೋಟಾರ್ ಸ್ಪೋರ್ಟ್. ಸ್ಟಾಕ್ ಕಾರ್ ರೇಸ್ ಅಂದರೆ ಎಡಕ್ಕೆ ತಿರುಗಿಸ್ತಾ ಇರೋದು ಅಷ್ಟೇ ಅಂತ ನಗುವವರು ನಮ್ಮ ರೂಮಿಗೆ ಬಂದು ಹತ್ತು ಸುತ್ತು ಹೊಡೆದು ಗೋಡೆಗೆ ಗುದ್ದದೆ ತೋರಿಸಲಿ, ಆಮೇಲೆ ಮಾತಾಡೋಣ.

ಆ ಟ್ರ್ಯಾಕು ಸುಮಾರು ಒಂದು ಕಿಲೋಮೀಟರಿನದ್ದು, ಅಂಡಾಕಾರ. ಅದರಲ್ಲಿ ಒಂದು ವಿಚಿತ್ರ ಇದೆ. ಮುಂದಿನ ನೇರ ದಾರಿ ಇಳಿಜಾರು, ಹಿಂದಿನದು ಏರು. 1940ರ ದಶಕದ ಕೊನೆಯಲ್ಲಿ ಕಟ್ಟುವಾಗ ನೆಲ ಸಮ ಮಾಡಲು ದುಡ್ಡು ಸಾಲಲಿಲ್ಲ, ಗುಡ್ಡ ಹೇಗಿತ್ತೋ ಹಾಗೇ ಬಿಟ್ಟರು ಅಂತ ಕತೆ. 1947ರಲ್ಲಿ ಮೊದಲ ರೇಸ್ ನಡೆಯಿತು. ನಾಸ್ಕಾರ್ 1949ರಲ್ಲಿ ತನ್ನ ಮೊದಲ ಸ್ಟಾಕ್ ಕಾರ್ ಸರಣಿ ಶುರು ಮಾಡಿದಾಗ ಕೊನೆಯ ರೇಸ್ ನಡೆದದ್ದು ಇಲ್ಲೇ. ಆಮೇಲೆ ಸುಮಾರು ಅರ್ಧ ಶತಮಾನ ಆ ಊರಿಗೆ ವರ್ಷಕ್ಕೆರಡು ಹಬ್ಬ.

1996ರ ಸೆಪ್ಟೆಂಬರ್ 29ಕ್ಕೆ ಕೊನೆಯ ರೇಸ್. ಜೆಫ್ ಗಾರ್ಡನ್ ಗೆದ್ದ. ಟ್ರ್ಯಾಕ್ ಒಡೆದಿರಲಿಲ್ಲ, ಜನ ಬರೋದು ನಿಂತಿರಲಿಲ್ಲ. ಹಳೆ ಯಜಮಾನ ತೀರಿಕೊಂಡ ಮೇಲೆ ದೊಡ್ಡ ಟ್ರ್ಯಾಕುಗಳ ಇಬ್ಬರು ಮಾಲೀಕರು ಇದನ್ನು ಅರ್ಧರ್ಧ ಕೊಂಡರು. ಅವರಿಗೆ ಬೇಕಾಗಿದ್ದು ನೆಲ ಅಲ್ಲ, ತಾರೀಖು. ಒಂದು ತಾರೀಖು ಟೆಕ್ಸಾಸಿಗೆ ಹೋಯಿತು, ಇನ್ನೊಂದು ನ್ಯೂ ಹ್ಯಾಂಪ್‌ಶೈರಿಗೆ. ಎರಡು ತಾರೀಖು ಕಿತ್ತುಕೊಂಡ ಮೇಲೆ ಉಳಿದ ಕಾಂಕ್ರೀಟು, ಗ್ಯಾಲರಿ, ಗೋಡೆ ಎಲ್ಲ ಹುಲ್ಲು ಬೆಳೆಯಲಿಕ್ಕೆ ಬಿಟ್ಟರು. ಇದನ್ನು ಮೊದಲ ಸಲ ಓದಿದಾಗ ನಮಗೆ ಅರ್ಥವೇ ಆಗಲಿಲ್ಲ. ತಾರೀಖನ್ನು ಹೇಗೆ ಮಾರೋದು ಮಾರಾಯ? ಅದೇನು ಸಾಮಾನಾ?

ನಮ್ಮಲ್ಲಿ ಹೊನ್ನಾವರದವನಿಗೆ ಮಾತ್ರ ಆಶ್ಚರ್ಯ ಆಗಲಿಲ್ಲ. ಅವರ ಮನೆ ಯಕ್ಷಗಾನದ ಮನೆ. ಮೇಳದ ತಿರುಗಾಟ ಶುರುವಾದರೆ ಇವತ್ತು ಯಾವ ಊರು, ನಾಳೆ ಯಾವ ಬಯಲು ಅಂತ ಪಟ್ಟಿ ಇರುತ್ತದೆ. ಆ ಪಟ್ಟಿಯೇ ಮೇಳದ ಜೀವ. ಮಂದಾರ್ತಿಯಂಥ ಕಡೆ ಹರಕೆ ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವರಿದ್ದಾರೆ. "ರಂಗಸ್ಥಳ ನಾಲ್ಕು ಕಂಬ ಹುಗಿದರೆ ಆಗ್ತದೆ. ತಾರೀಖು ಹುಗಿಯಲಿಕ್ಕೆ ಆಗ್ತದಾ?" ಅಂದ. ಅವನು ಹಾಗೇ, ಎಲ್ಲ ಮಾತಿಗೂ ಅರ್ಥಧಾರಿಯ ಧ್ವನಿ.

ದೂರ ಯಾಕೆ, ನಮ್ಮ ದೇಶದಲ್ಲೇ ನೋಡಿ. ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್ 5 ಕಿಲೋಮೀಟರಿಗೂ ಉದ್ದ, ವಿಶ್ವದರ್ಜೆಯದ್ದು. ಅಲ್ಲಿ 2011, 2012, 2013ರಲ್ಲಿ ಫಾರ್ಮುಲಾ ಒನ್ ನಡೆಯಿತು. ಮೂರೂ ಸಲ ಗೆದ್ದವನು ಸೆಬಾಸ್ಟಿಯನ್ ವೆಟ್ಟೆಲ್. ಆಮೇಲೆ ಕ್ಯಾಲೆಂಡರಿನಿಂದ ಹೆಸರು ಬಿತ್ತು. ಇದು ಕ್ರೀಡೆಯೋ ಮನರಂಜನೆಯೋ, ತೆರಿಗೆ ಎಷ್ಟು ಅನ್ನೋ ಜಗಳದಲ್ಲಿ ಟಾರು ಹಾಗೇ ಉಳಿಯಿತು, ತಾರೀಖು ಹೋಯಿತು. 2023ರಲ್ಲಿ ಮೋಟೋ ಜಿಪಿ ಒಂದು ಸಲ ಬಂತು. ಮುಂದಿನ ವರ್ಷ ಮತ್ತೆ ಇಲ್ಲ. ಟ್ರ್ಯಾಕ್ ಕಟ್ಟೋದು ಸಿವಿಲ್‌ನವರ ಕೆಲಸ ಅಂತ ನಾವು ಮೆಕ್ಯಾನಿಕಲ್‌ನವರು ಹಗುರವಾಗಿ ಹೇಳ್ತಿದ್ದೆವು. ತಾರೀಖು ಕಟ್ಟೋ ಬ್ರಾಂಚ್ ಯಾವುದು?

ನಾರ್ತ್ ವಿಲ್ಕ್ಸ್‌ಬರೋದ ಕತೆ ಅಲ್ಲಿಗೆ ಮುಗಿಯಲಿಲ್ಲ, ಅದಕ್ಕೇ ಅದು ನಮ್ಮ ರೂಮಿಗೆ ಬಂತು. ಊರಿನ ಜನ ಟ್ರ್ಯಾಕ್ ಉಳಿಸಿ ಅಂತ ಕೂಗ್ತಾನೇ ಇದ್ದರು. 2010ರ ಹೊತ್ತಿಗೆ ಒಮ್ಮೆ ಬಾಗಿಲು ತೆಗೆದು ಕೆಲವು ಸಣ್ಣ ರೇಸ್ ಮಾಡಿದರು, ವರ್ಷದೊಳಗೆ ಮತ್ತೆ ಮುಚ್ಚಿತು. 2019ರ ಡಿಸೆಂಬರಿನಲ್ಲಿ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಒಂದಷ್ಟು ಜನರನ್ನು ಕಟ್ಟಿಕೊಂಡು ಹೋಗಿ ಟಾರಿನ ಬಿರುಕಿನಲ್ಲಿ ಬೆಳೆದ ಗಿಡಗಂಟಿ ಕಿತ್ತ. ರೇಸ್ ಮಾಡಲಿಕ್ಕಲ್ಲ. ಐರೇಸಿಂಗ್ ಕಂಪನಿಯವರು ಲೇಸರ್ ಸ್ಕ್ಯಾನ್ ಮಾಡಲಿಕ್ಕೆ. ನಿಜವಾದ ಟ್ರ್ಯಾಕ್ ಹೇಗೂ ಸತ್ತಿದೆ, ಕಂಪ್ಯೂಟರಿನಲ್ಲಾದರೂ ಇರಲಿ ಅಂತ. ಮುಂದಿನ ವರ್ಷ ಕೊರೊನಾ ಬಂತು, ನಿಜವಾದ ರೇಸೆಲ್ಲ ನಿಂತವು, ನಾಸ್ಕಾರಿನವರು ಟೀವಿಗಾಗಿ ಆನ್‌ಲೈನ್ ರೇಸ್ ಮಾಡಿದರು. 2020ರ ಮೇ ತಿಂಗಳಲ್ಲಿ ಆ ಸರಣಿಯ ಕೊನೆಯ ರೇಸ್ ನಡೆದದ್ದು ಈ ಸತ್ತ ಟ್ರ್ಯಾಕಿನ ಕಂಪ್ಯೂಟರ್ ಪ್ರತಿಯ ಮೇಲೆ! 24 ವರ್ಷದ ಮೇಲೆ ಸಿಕ್ಕ ಮೊದಲ ತಾರೀಖು ಅದು.

ಆಮೇಲಿನದ್ದು ಬೇಗ ಹೇಳಿಬಿಡ್ತೇವೆ. 2021ರಲ್ಲಿ ರಾಜ್ಯ ಸರ್ಕಾರ ಬಜೆಟ್ಟಿನಲ್ಲಿ 1.8 ಕೋಟಿ ಡಾಲರ್ ಇಟ್ಟಿತು. 2022ರ ಆಗಸ್ಟಿನಲ್ಲಿ ಸ್ಥಳೀಯ ರೇಸುಗಳು. 2023ರ ಮೇ 21ಕ್ಕೆ ನಾಸ್ಕಾರಿನ ಆಲ್ ಸ್ಟಾರ್ ರೇಸ್, 1981ರಲ್ಲಿ ಹಾಕಿದ ಹಳೆ ಟಾರಿನ ಮೇಲೇ. ಆದರೆ ಆಲ್ ಸ್ಟಾರ್ ಅಂದರೆ ಪ್ರದರ್ಶನ ಪಂದ್ಯ, ಅಂಕ ಇಲ್ಲ. ನಮ್ಮ ಭಾಷೆಯಲ್ಲಿ ಆಡಿಟ್ ಕೋರ್ಸ್. ಅಂಕದ ರೇಸಿನ ತಾರೀಖು ಸಿಕ್ಕಿದ್ದು 2026ರ ಜುಲೈಗೆ, ಬರೋಬ್ಬರಿ 30 ವರ್ಷಕ್ಕೆ.

ಇಷ್ಟೆಲ್ಲ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಮಾತಾಡ್ತಾ ಊರಿಗೆ ಹೋಗ್ತಿದ್ದೆವು, ಕಳೆದ ಬೇಸಿಗೆ ರಜೆಗೆ. ಆ ರೈಲು ನಮಗೆ ಅನುಕೂಲ. ಬೆಳಿಗ್ಗೆ ಮೊದಲು ಭಟ್ಕಳ, ಆಮೇಲೆ ಹೊನ್ನಾವರ, ಆಮೇಲೆ ಕುಮಟಾ, ಸಾಲಾಗಿ ಒಬ್ಬೊಬ್ಬರೇ ಇಳಿಯೋದು. ಆವತ್ತು ಮೂರೂ ಜನ ಭಟ್ಕಳದಲ್ಲೇ ಇಳಿದೆವು. ಯಾಕಂದರೆ ನಡುರಾತ್ರಿ ಸಕಲೇಶಪುರ ದಾಟುವಾಗ ಭಟ್ಕಳದವನು ಒಂದು ಮಾತು ಹೇಳಿದ. "ನಮ್ಮ ಅಜ್ಜಿಮನೇಲಿ ಒಂದು ಗದ್ದೆ ಉಂಟು. ಕಂಬಳಗದ್ದೆ ಅಂತಲೇ ಹೆಸರು. ಕಂಬಳ ಆದದ್ದು ಯಾರೂ ನೋಡಿದವರಿಲ್ಲ. ಮಾವ ಅದನ್ನ ಮಣ್ಣು ತುಂಬಿಸಿ ಕೊಡ್ತಾರಂತೆ."

ಅಜ್ಜಿಮನೆ ಇರೋದು ಭಟ್ಕಳ ಪೇಟೆಯಿಂದ ದಕ್ಷಿಣಕ್ಕೆ. ಇನ್ನು ಸ್ವಲ್ಪ ಹೋದರೆ ಶಿರೂರು, ಉಡುಪಿ ಜಿಲ್ಲೆ. ಸುತ್ತಲಿನ ಗದ್ದೆಗಳೆಲ್ಲ ಹೇಗೆ ಬೇಕೋ ಹಾಗೆ ತುಂಡು ತುಂಡು, ಇದೊಂದು ಮಾತ್ರ ಪಟ್ಟಿ ಎಳೆದ ಹಾಗೆ ಉದ್ದ. ನೋಡಿದ ಕೂಡಲೇ ಗೊತ್ತಾಗ್ತದೆ, ಇದು ಬೆಳೆಗೆ ಮಾತ್ರ ಅಂತ ಮಾಡಿದ್ದಲ್ಲ. ಟೇಪು ಹಿಡಿದೆವು. 124 ಮೀಟರ್ ಉದ್ದ, 14 ಮೀಟರ್ ಅಗಲ. ಈಗಿನ ಕಂಬಳದ ಕರೆಗಳು ಸಾಮಾನ್ಯವಾಗಿ 120ರಿಂದ 160 ಮೀಟರ್ ಒಳಗೆ ಇರ್ತವೆ. ಅಂದರೆ ಲೆಕ್ಕಕ್ಕೆ ಸರಿಯಾಗಿಯೇ ಇದೆ! ಪಾರದರ್ಶಕ ಪೈಪಿಗೆ ನೀರು ತುಂಬಿಸಿ ಮಟ್ಟ ನೋಡಿದೆವು. ಈ ತುದಿಗೂ ಆ ತುದಿಗೂ 23 ಸೆಂಟಿಮೀಟರ್ ವ್ಯತ್ಯಾಸ. ಮುಂದಿನ ದಾರಿ ಇಳಿಜಾರು, ಹಿಂದಿನದು ಏರು ಅಂತ ಕುಮಟಾದವನು ನಕ್ಕ.

ನಗುವ ಸ್ಥಿತಿಯಲ್ಲಿ ಗದ್ದೆ ಇರಲಿಲ್ಲ. ನಾಲ್ಕು ವರ್ಷದಿಂದ ನಟ್ಟಿ ಇಲ್ಲ. ಜೊಂಡು ಎದೆಮಟ್ಟ. ಒಂದು ಬದಿಯಲ್ಲಿ ಪಕ್ಕದ ಜಾಗಕ್ಕೆ ಕೆಂಪು ಮಣ್ಣು ತುಂಬಿ ಎತ್ತರ ಮಾಡಿದ್ದಾರೆ, ಅದರ ಅಡಿಯಲ್ಲಿ ನೀರು ಹೋಗುವ ಕಾಲುವೆ ಹೂತುಹೋಗಿದೆ. ಭಟ್ಕಳದಿಂದ ಕುಮಟಾದವರೆಗೆ ಹೆದ್ದಾರಿ 66ರ ಬದಿಯಲ್ಲಿ ಹೋಗುವವರಿಗೆ ಈ ಚಿತ್ರ ಹೊಸದಲ್ಲ. ರಸ್ತೆ ಅಗಲ ಆಯಿತು, ರಸ್ತೆಯ ಮಟ್ಟಕ್ಕೆ ಜಾಗಗಳು ಎದ್ದವು, ನಡುವೆ ಸಿಕ್ಕಿದ ಗದ್ದೆಗಳು ಬಟ್ಟಲಾದವು. ಮಾವ ಕೆಟ್ಟವರಲ್ಲ. ಆಳು ಸಿಗೋದಿಲ್ಲ, ಸಿಕ್ಕಿದರೂ ಕೂಲಿ ಕೊಟ್ಟು ಪೂರೈಸೋದಿಲ್ಲ, ಬೆಳೆದ ಭತ್ತಕ್ಕಿಂತ ಅಂಗಡಿ ಅಕ್ಕಿ ಅಗ್ಗ. ಅವರ ಲೆಕ್ಕ ನಮ್ಮ ಎಕನಾಮಿಕ್ಸ್ ಪೇಪರಿಗಿಂತ ಸ್ಪಷ್ಟ.

ನಮಗೆ ಮಾತ್ರ ತಲೆಯಲ್ಲಿ ನಾರ್ತ್ ವಿಲ್ಕ್ಸ್‌ಬರೋ. ಗಿಡ ಕೀಳೋದು, ಮಟ್ಟ ಮಾಡೋದು, ಕೆಸರು ಮಾಡೋದು, ಕಂಬಳದ ಪಟ್ಟಿಯಲ್ಲಿ ಒಂದು ತಾರೀಖು ತಗೊಳ್ಳೋದು. ನಾವು ಕಂಡ ಪಟ್ಟಿಗಳಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಅನ್ನೋ ಹೆಸರು ಇರಲಿಲ್ಲ. ಉಡುಪಿ, ದಕ್ಷಿಣ ಕನ್ನಡದ್ದೇ ಎಲ್ಲ. ಬೆಂಗಳೂರಿಗೇ ಸಿಕ್ಕಿತಲ್ಲ, ನಮಗೆ ಯಾಕಿಲ್ಲ? 2023ರ ನವೆಂಬರ್ 25, 26ಕ್ಕೆ ಅರಮನೆ ಮೈದಾನದಲ್ಲಿ ಹೊಸ ಕರೆ ತೋಡಿ ಕಂಬಳ ಮಾಡಿದ್ದನ್ನು ನಾವೂ ನೂಕುನುಗ್ಗಲಿನಲ್ಲಿ ನಿಂತು ನೋಡಿದವರೇ. ಕೋಣ ಕಂಡದ್ದಕ್ಕಿಂತ ಮುಂದಿನವರ ಮೊಬೈಲಿನಲ್ಲಿ ಕೋಣ ಕಂಡದ್ದು ಹೆಚ್ಚು.

ಇಲ್ಲಿ ಒಂದು ಅಡ್ಡ ಮಾತು, ಯಾಕಂದರೆ ಕಂಬಳ ಅಂದ ಕೂಡಲೇ ಕ್ಲಾಸಿನಲ್ಲಿ ಎಲ್ಲರೂ ಕೇಳೋದು ಇದನ್ನೇ. 2020ರ ಫೆಬ್ರುವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡ್, ಬೋಲ್ಟ್‌ಗಿಂತ ವೇಗ ಅಂತ ಇಡೀ ದೇಶ ಕುಣಿಯಿತು. ಸರಾಸರಿ ವೇಗದಿಂದ ಭಾಗಿಸಿದ ಲೆಕ್ಕ ಅದು, ನಿಂತಲ್ಲಿಂದ ಹೊರಡುವ ಓಟದ ವೇಗೋತ್ಕರ್ಷ ಬೇರೆಯೇ. ಮೇಲಾಗಿ ಓಡಿಸುವವನನ್ನು ಕೋಣಗಳು ಎಳೆದುಕೊಂಡು ಹೋಗ್ತವೆ. ಹಾಗಂತ ಸಾಧನೆ ಸಣ್ಣದಲ್ಲ. ಮೊಣಕಾಲು ಮುಳುಗುವ ಕೆಸರಿನಲ್ಲಿ ಆ ಎಳೆತಕ್ಕೆ ಕಾಲು ಹೊಂದಿಸಿಕೊಂಡು ಬೀಳದೆ ಮಂಜೊಟ್ಟಿ ಮುಟ್ಟೋದನ್ನು ಯಾವ ಸಿಂಥೆಟಿಕ್ ಟ್ರ್ಯಾಕೂ ಅಳೆಯಲಿಕ್ಕೆ ಆಗೋದಿಲ್ಲ. ಅವರೂ ಕ್ರೀಡಾ ಪ್ರಾಧಿಕಾರದ ಟ್ರಯಲ್ಸಿಗೆ ಹೋಗಲಿಲ್ಲ.

ಸರಿ. ಶಿರೂರು ಗಡಿ ದಾಟಿ ಬೈಂದೂರು ಕಡೆ ಕೋಣ ಸಾಕುವ ಒಬ್ಬ ಹಿರಿಯರ ಮನೆಗೆ ಹೋದೆವು. ಮಾವನ ಪರಿಚಯ. ಹಟ್ಟಿಯಲ್ಲಿ ಫ್ಯಾನು, ಸೊಳ್ಳೆಪರದೆ, ಹುರುಳಿ ಬೇಯುವ ವಾಸನೆ. ನಮ್ಮ ಹಾಸ್ಟೆಲಿಗಿಂತ ಚೆನ್ನಾಗಿದೆ. ನಾವು ಲ್ಯಾಪ್‌ಟಾಪ್ ತೆಗೆದು ಗದ್ದೆಯ ನಕ್ಷೆ, ಅಳತೆ, ಮಟ್ಟದ ಗ್ರಾಫು ಎಲ್ಲ ತೋರಿಸಿದೆವು. ಅವರು ತಾಳ್ಮೆಯಿಂದ ನೋಡಿ ಒಂದೇ ಪ್ರಶ್ನೆ ಕೇಳಿದರು. "ಯಾವ ವಾರ?"

ನಮಗೆ ಅರ್ಥ ಆಗಲಿಲ್ಲ. ಅವರೇ ಬೆರಳು ಮಡಿಸಿ ಬಿಡಿಸಿ ಹೇಳಿದರು. ಕಂಬಳದ ಋತು ನವೆಂಬರಿನಿಂದ ಏಪ್ರಿಲ್ ತನಕ ಅಂದುಕೊಂಡರೂ ಇಪ್ಪತ್ತೈದು ಶನಿವಾರ. ಶನಿವಾರ ಶುರುವಾದದ್ದು ಭಾನುವಾರ ಮುಗೀತದೆ. ಒಂದೇ ಕೋಣ ಎರಡು ಕಡೆ ಓಡಲಿಕ್ಕೆ ಆಗೋದಿಲ್ಲ, ಹಾಗಾಗಿ ಒಂದು ವಾರಕ್ಕೆ ಒಂದೇ ಜೋಡುಕರೆ. ಹೊಸ ಊರು ಸೇರಬೇಕಾದರೆ ಹಳೆಯ ಒಂದು ಊರು ಬಿಡಬೇಕು, ಇಲ್ಲ ಋತು ಉದ್ದ ಆಗಬೇಕು. ಬಿಸಿಲೇರಿದ ಮೇಲೆ ಕೋಣಕ್ಕೆ ಓಡಲಿಕ್ಕೆ ಕಷ್ಟ. ಜಾತ್ರೆ, ನೇಮ, ಪರೀಕ್ಷೆ, ಚುನಾವಣೆ ಎಲ್ಲ ತಪ್ಪಿಸಬೇಕು. ಕೋಣದ ಯಜಮಾನರು ಲಾರಿಯಲ್ಲಿ ಕಾರ್ಕಳ, ಬಂಟ್ವಾಳದಿಂದ ಭಟ್ಕಳಕ್ಕೆ ಯಾಕೆ ಬರಬೇಕು? ಒಂದು ಕರೆ ಸಾಲದು, ಅಲ್ಲಿ ಕೋಣ ಕಟ್ಟುವವರೂ ಇರಬೇಕು. ಮೇಲೆ ಕಾನೂನು. 2014ರ ಮೇ 7ಕ್ಕೆ ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ಬಗ್ಗೆ ಕೊಟ್ಟ ತೀರ್ಪು ಕಂಬಳಕ್ಕೂ ತಟ್ಟಿತ್ತು. 2016ರ ಕೊನೆಗೆ ಹೈಕೋರ್ಟಿನ ತಡೆ, 2017ರಲ್ಲಿ ಸುಗ್ರೀವಾಜ್ಞೆ, ತಿದ್ದುಪಡಿ ಕಾಯ್ದೆ. ಕೊನೆಗೆ 2023ರ ಮೇ 18ಕ್ಕೆ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಎತ್ತಿಹಿಡಿದದ್ದು ಷರತ್ತುಗಳ ಸಮೇತ. ನಿಮ್ಮಷ್ಟಕ್ಕೆ ನಾಲ್ಕು ಕೋಣ ತಂದು ಓಡಿಸಿ ಮೊಬೈಲಿನಲ್ಲಿ ಹಾಕಿದರೆ ಪೊಲೀಸರು ಬರ್ತಾರೆ ಅಂತ ನಕ್ಕರು.

ಎದ್ದು ಹೊರಡುವಾಗ ಅವರು ಇನ್ನೊಂದು ಕೇಳಿದರು. "ಈ ವರ್ಷ ಅದ್ರಲ್ಲಿ ಎಂತ ನಟ್ಟಿದ್ರಿ?"

ಏನೂ ಇಲ್ಲ ಅಂದೆವು.

"ನಟ್ಟಿ ಇಲ್ದ ಗದ್ದೆಗೆ ಎಂತ ಕಂಬಳ?" ಅಂದು ಒಳಗೆ ಹೋದರು. ಬೈದ ಹಾಗೆ ಹೇಳಲಿಲ್ಲ. ಇಷ್ಟು ಓದಿದವರಿಗೆ ಇಷ್ಟೂ ತಿಳಿಯೋದಿಲ್ವಾ ಅನ್ನೋ ಹಾಗೆ.

ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಕುಮಟಾದವನು ಶುರು ಮಾಡಿದ. ಅವನದ್ದು ಅಘನಾಶಿನಿಯ ಹತ್ತಿರ ಮನೆ. ಅಲ್ಲಿ ಗಜನಿ ಭೂಮಿ ಅಂತ ಇದೆ, ನದಿ ಸಮುದ್ರ ಸೇರುವಲ್ಲಿ ಉಪ್ಪುನೀರು ನುಗ್ಗುವ ಗದ್ದೆಗಳು. ಕಗ್ಗ ಅನ್ನೋ ಭತ್ತ ಮಾತ್ರ ಅಲ್ಲಿ ಬೆಳೆಯೋದು. ಉಪ್ಪಿಗೂ ಜಗ್ಗೋದಿಲ್ಲ, ನೆರೆಗೂ ಬಗ್ಗೋದಿಲ್ಲ. ಆದರೆ ಕಟ್ಟೆ ಒಡೆದರೆ ಮುಗಿಯಿತು. ಕಟ್ಟೆಯನ್ನು ಎಲ್ಲರೂ ಸೇರಿ ಕಾಯಬೇಕು. ನಡುವೆ ಸೀಗಡಿ ಸಾಕಣೆ ಬಂದು ಎಷ್ಟೋ ಕಡೆ ಕಗ್ಗ ಬಿಟ್ಟೇಹೋಯಿತು. ಮಾಣಿಕಟ್ಟೆಯ ಕಡೆ ರೈತರು ಒಟ್ಟಾಗಿ ಅದನ್ನು ಉಳಿಸಿಕೊಂಡು ಬಂದಿದ್ದಾರೆ. "ಅಲ್ಲಿ ಕಟ್ಟೆಗೆ ಮಣ್ಣು ಹಾಕೂಕೆ ಒಂದು ಕಾಲ ಉಂಟು, ಬೀಜ ಚೆಲ್ಲೂಕೆ ಒಂದು ಕಾಲ ಉಂಟು. ಅದು ತಪ್ಪಿದ್ರೆ ಆ ವರ್ಷ ಹೋಯ್ತು. ನಮ್ಗೂ ಬೇಕಾದ್ದು ಕಂಬಳದ ತಾರೀಖಲ್ಲ ಮಾರಾಯ, ನಟ್ಟಿ ತಾರೀಖು" ಅಂದ.

ಅಲ್ಲಿಂದ ನಮ್ಮ ಯೋಜನೆ ಸಣ್ಣದಾಯಿತು, ಸಣ್ಣದಾದ ಮೇಲೆ ಕಷ್ಟವೂ ಆಯಿತು. ನಾರ್ತ್ ವಿಲ್ಕ್ಸ್‌ಬರೋದ ಟಾರಿಗೆ ರೇಸ್ ಬಿಟ್ಟರೆ ಬೇರೆ ಕೆಲಸ ಇಲ್ಲ, ತಾರೀಖು ಹೋದರೆ ಅದು ಖಾಲಿ. ನಮ್ಮ ಕಡೆಯ ಹಳೆ ಕಂಬಳದ ಗದ್ದೆ ಹಾಗಲ್ಲ. ವರ್ಷದಲ್ಲಿ ಒಂದು ದಿನ ಓಟ, ಉಳಿದ ದಿನ ಭತ್ತ. ಕುಂದಾಪುರ, ಬೈಂದೂರು ಕಡೆಯ ಸಾಂಪ್ರದಾಯಿಕ ಕಂಬಳಗಳು ಇವತ್ತಿಗೂ ಮನೆತನಕ್ಕೆ, ದೈವಕ್ಕೆ, ಆ ಗದ್ದೆಯ ಬೆಳೆಗೆ ಅಂಟಿಕೊಂಡೇ ಇವೆ. ಈಗಿನ ಜೋಡುಕರೆಗಳಲ್ಲಿ ಎಷ್ಟೋ ಓಟಕ್ಕೆಂದೇ ಮಾಡಿದವು, ಅದು ಬೇರೆ ಮಾತು. ಅಜ್ಜಿಮನೆಯ ಗದ್ದೆ ಕಂಬಳ ನಿಂತ ಮೇಲೂ ಎಷ್ಟು ವರ್ಷ 124 ಮೀಟರ್ ಉದ್ದವಾಗಿಯೇ ಉಳಿದದ್ದು ಹೇಗೆ? ಯಾರೂ ಅದನ್ನು ಸ್ಮಾರಕ ಅಂತ ಕಾಯಲಿಲ್ಲ. ನಟ್ಟರು, ಕೊಯ್ದರು, ಬದು ಕಡಿದರು, ಅಷ್ಟೇ. ಅದು ನಿಂತದ್ದು ನಾಲ್ಕು ವರ್ಷದ ಹಿಂದೆ.

ಮಾವನ ಹತ್ತಿರ ಕೂತು ಒಂದು ವರ್ಷ ಕೇಳಿದೆವು. ಅವರು ಅಡಿಕೆ ಕತ್ತರಿಸ್ತಾ ಕೇಳಿಸಿಕೊಂಡರು. "ಜುಲೈ ಹತ್ತರೊಳಗೆ ನಟ್ಟಿ ಮುಗಿಸಿ. ಮುಗಿಸಿದ್ರೆ ಈ ವರ್ಷ ಕೊಡೂದಿಲ್ಲ. ಮುಗಿಸ್ಲಿಲ್ಲ ಅಂದ್ರೆ ಮತ್ತೆ ನನ್ನತ್ರ ಕೇಳ್ಬೇಡಿ." ಕುಮಟಾದವನು ಕಗ್ಗದ ಬೀಜ ತರ್ತೇನೆ ಅಂದದ್ದಕ್ಕೆ ಅವರು "ಉಪ್ಪಿಲ್ದ ಗದ್ದೆಗೆ ಕಗ್ಗ ಎಂತಕ್ಕೆ?" ಅಂತ ನಕ್ಕು, ಎಂಒ-4 ಸಸಿ ಮಾಡಿಡುವ ಜವಾಬ್ದಾರಿ ಅತ್ತೆಗೆ ಹಾಕಿದರು. ಅತ್ತೆಯನ್ನು ಯಾರೂ ಕೇಳಲಿಲ್ಲ. ಈಗ ಬರೆಯುವಾಗ ನಾಚಿಕೆ ಆಗ್ತದೆ.

ಕಾಲೇಜಿಗೆ ಬಂದು ಕ್ಯಾಲೆಂಡರ್ ಬಿಡಿಸಿದೆವು. ನಾಸ್ಕಾರಿನವರು 36 ರೇಸ್ ಹೇಗೆ ಹೊಂದಿಸ್ತಾರೋ, ನಮಗೆ ಒಂದು ವಾರಾಂತ್ಯ ಹೊಂದಿಸಲಿಕ್ಕೆ ಬೆವರು ಬಂತು. ಜುಲೈ ಮೊದಲ ವಾರ ಇಂಟರ್ನಲ್ಸ್. ಸೋಮವಾರ ಥರ್ಮೋಡೈನಮಿಕ್ಸ್. ಶನಿವಾರ ಲ್ಯಾಬ್. ಹಾಜರಾತಿ ನಮ್ಮಲ್ಲಿ ಒಬ್ಬನದು ಆಗಲೇ 76 ಪರ್ಸೆಂಟ್. ಯಾರದ್ದು ಅಂತ ಬೇಡ. ಮಳೆಯ ಕ್ಯಾಲೆಂಡರ್ ಬೇರೆ, ರೈಲಿನ ವೇಟಿಂಗ್ ಲಿಸ್ಟ್ ಬೇರೆ. ಸಸಿಗೆ ಇಪ್ಪತ್ತೈದು ದಿನ ದಾಟಬಾರದು ಅಂತ ಅತ್ತೆಯ ಫೋನು ಬೇರೆ. ಕೊನೆಗೆ ಒಂದು ಶನಿವಾರದ ಲ್ಯಾಬನ್ನು ಬೇರೆ ಬ್ಯಾಚಿನ ಜೊತೆ ಮಾಡಲು ಒಪ್ಪಿದ ಮೇಡಂ ಒಬ್ಬರಿಂದ ತಾರೀಖು ಹುಟ್ಟಿತು. ಯಾಕೆ ಅಂತ ಕೇಳಿದಾಗ "ನಟ್ಟಿ" ಅಂದೆವು. ನಂಬಲಿಲ್ಲ. ಫೋಟೋ ಕಳಿಸಿ ಅಂದರು.

ಶುಕ್ರವಾರ ಸಂಜೆ ಹೊರಟದ್ದು ಎಂಟು ಜನ. ನಾವು ಮೂವರು, ಕ್ಲಾಸಿನ ಐವರು. ಅದರಲ್ಲಿ ಇಬ್ಬರು ವಿಜಯಪುರದವರು, ಅಷ್ಟು ಮಳೆ ಅವರು ಟೀವಿಯಲ್ಲೂ ನೋಡಿರಲಿಲ್ಲ. ಹದಿನೈದು ದಿನ ಮೊದಲೇ ಮಾವ ಟಿಲ್ಲರ್ ಹೊಡೆಸಿ ಜೊಂಡು ಮಗುಚಿಸಿದ್ದರು. ನಾವು ಹೋದಾಗ ಕೆಸರು ಕಾಫಿಪುಡಿ ಕದಡಿದ ಹಾಗೆ. ಮೊದಲ ಅರ್ಧ ಗಂಟೆ ಬರೀ ಬೀಳೋದು, ಏಳೋದು. ಪಕ್ಕದ ಮನೆಯ ಇಬ್ಬರು ಹೆಂಗಸರು ಕಲಿಸಲಿಕ್ಕೆ ಬಂದಿದ್ದರು. ಅವರು ಒಂದು ಸಾಲು ಮುಗಿಸುವ ಹೊತ್ತಿಗೆ ನಾವು ಎಂಟು ಜನ ಸೇರಿ ಕಾಲು ಸಾಲು. "ಹಿಂದೆ ಹಿಂದೆ ಬರ್ಬೇಕು, ಮುಂದೆ ಹೋಗೂದಲ್ಲ" ಅಂತ ನೂರು ಸಲ ಹೇಳಿರಬೇಕು. ರೇಸ್ ಟ್ರ್ಯಾಕಿನಲ್ಲಿ ಹಿಂದಕ್ಕೆ ನಡೆಯೋದು! ಸೊಂಟ ಅನ್ನೋ ಭಾಗ ದೇಹದಲ್ಲಿ ಎಲ್ಲಿದೆ ಅಂತ ಆವತ್ತು ಗೊತ್ತಾಯಿತು. ಭಾನುವಾರ ಮಧ್ಯಾಹ್ನ ಮೂರಕ್ಕೆ ಕೊನೆಯ ಹಿಡಿ ಸಸಿ ಊರಿ, ಸ್ನಾನ ಮಾಡಿ, ಓಡಿಹೋಗಿ ರೈಲು ಹಿಡಿದೆವು. ಸೋಮವಾರದ ಥರ್ಮೋಡೈನಮಿಕ್ಸ್ ಬಗ್ಗೆ ಏನೂ ಬರೆಯೋದಿಲ್ಲ, ಅಲ್ಲೂ ಹೆಚ್ಚೇನೂ ಬರೆದಿರಲಿಲ್ಲ.

ತಪ್ಪು ಮಾಡಿದ್ದೆವು, ಅದನ್ನೂ ಹೇಳಬೇಕು. ಮೇ ತಿಂಗಳಲ್ಲಿ 23 ಸೆಂಟಿಮೀಟರ್ ಅಂತ ಅಳೆದು ನಕ್ಕು ಸುಮ್ಮನಾದವರು ನಾವೇ. ಹೂತುಹೋದ ಕಾಲುವೆ ಬಿಡಿಸಬೇಕು ಅಂತ ಮೂವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಫ್ಲೂಯಿಡ್ ಮೆಕ್ಯಾನಿಕ್ಸ್ ಮುಗಿಸಿದವರು! ಜುಲೈ ಕೊನೆಯ ಮಳೆಗೆ ತಗ್ಗಿನ ತುದಿಯಲ್ಲಿ ನೀರು ನಿಂತಿತು, ಹೋಗಲಿಕ್ಕೆ ದಾರಿ ಇಲ್ಲ. ಅತ್ತೆ ದಿನಾ ಒಂದು ವೀಡಿಯೋ ಕಳಿಸ್ತಿದ್ದರು, ಮಾತಿಲ್ಲದ ವೀಡಿಯೋ, ಬರೀ ನೀರು. ಸುಮಾರು ಮೂರರಲ್ಲೊಂದು ಭಾಗ ಕೊಳೆಯಿತು. ಅತ್ತೆ ಒಬ್ಬರೇ ಹಾರೆ ಹಿಡಿದು ಮಣ್ಣಿನ ರಾಶಿಯ ಬುಡದಲ್ಲಿ ಒಂದು ಗಂಡಿ ತೋಡಿದ್ದಕ್ಕೆ ಉಳಿದದ್ದು ಉಳಿಯಿತು.

ನವೆಂಬರಿನಲ್ಲಿ ಐದು ಚೀಲ ಭತ್ತ ಆಯಿತು. ಟಿಲ್ಲರ್ ಬಾಡಿಗೆ, ಕೂಲಿ, ಗೊಬ್ಬರ, ನಮ್ಮ ರೈಲಿನ ಟಿಕೆಟ್ ಎಲ್ಲ ಕೂಡಿಸಿದರೆ ಆ ಅಕ್ಕಿ ಬಾಸ್ಮತಿಗಿಂತ ದುಬಾರಿ. ಲೆಕ್ಕವನ್ನು ಮಾವನಿಗೆ ತೋರಿಸಲಿಲ್ಲ, ಅವರಿಗೆ ಮೊದಲೇ ಗೊತ್ತಿತ್ತು.

ಕೊಯ್ಲಾದ ಮೇಲೆ ಡಿಸೆಂಬರಿನಲ್ಲಿ ಒಂದು ಭಾನುವಾರ ಗದ್ದೆಗೆ ನೀರು ಬಿಟ್ಟು ಊರಿನ ಮಕ್ಕಳು ಓಡಿದರು. ಕೋಣ ಇಲ್ಲ, ನೇಗಿಲು ಇಲ್ಲ, ಬಹುಮಾನಕ್ಕೆ ಎರಡು ಬಾಳೆಗೊನೆ. ಹದಿಮೂರು ಜನ ಓಡಿದರು, ನೋಡಲಿಕ್ಕೆ ಇಪ್ಪತ್ತು ಜನ ಬದುವಿನ ಮೇಲೆ. ನಮ್ಮ ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಎಲ್ಲರಿಗಿಂತ ಮೊದಲು. ಸಮಯ ಹೇಳೋದಿಲ್ಲ, ಯಾರಾದರೂ 100 ಮೀಟರಿಗೆ ಇಳಿಸಿಬಿಟ್ಟಾರು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ತಂದಿದ್ದೆವು. "ಇಲ್ಲಿ ಕೋಣ ಓಡಿದ್ದು ನಮ್ಮತ್ತೆ ಕಂಡಿದ್ರಂತೆ" ಅಂದರು. ಅಷ್ಟೇ ಹೇಳಿದ್ದು. ಎಷ್ಟು ವರ್ಷ ಆಯಿತು ಅಂತ ಲೆಕ್ಕ ಹಾಕಲು ಹೋಗಿ ನಾವೇ ಬಿಟ್ಟೆವು.

ಜಾಗ ಕೇಳಿದವರು ಜನವರಿಯಲ್ಲಿ ಮತ್ತೆ ಬಂದಿದ್ದರಂತೆ. ಮಾವ ಆಗೋದಿಲ್ಲ ಅನ್ನಲಿಲ್ಲ, ಆಗ್ತದೆ ಅಂತಲೂ ಅನ್ನಲಿಲ್ಲ. "ಮಕ್ಕಳ ನಟ್ಟಿ ಉಂಟು ಜುಲೈಯಲ್ಲಿ, ಅದಾಗ್ಲಿ" ಅಂದರಂತೆ. ಅತ್ತೆ ಫೋನಿನಲ್ಲಿ ಇದನ್ನು ಹೇಳಿ, ಈ ಸಲ ಸಸಿ ಹಾಕೋ ಮೊದಲು ತನ್ನನ್ನು ಕೇಳಬೇಕು, ಕಾಲುವೆ ಕೆಲಸ ಮೇ ತಿಂಗಳಲ್ಲೇ ಆಗಬೇಕು, ಇಲ್ಲದಿದ್ದರೆ ಬರೋದೇ ಬೇಡ ಅಂದರು.

ಹಾಗಾಗಿ ಮೇ ಕೊನೆಯ ಶನಿವಾರ, ಭಾನುವಾರ ಕಾಲುವೆ. 40 ಮೀಟರ್ ಉದ್ದ, ಒಂದಡಿ ಆಳ, ಕಲ್ಲು ಮಣ್ಣು. ಪರೀಕ್ಷೆಯ ವೇಳಾಪಟ್ಟಿ ಇನ್ನೂ ಬಂದಿಲ್ಲ, ಬಂದು ಕುತ್ತಿಗೆಗೆ ಕೂತರೆ ಒಂದು ವಾರ ಹಿಂದೆ ಮುಂದೆ. ಸಿವಿಲ್‌ನವರು ಬಂದರೆ ಬಹಳ ಒಳ್ಳೆಯದು, ಮಟ್ಟ ನೋಡುವ ಯಂತ್ರ ತಂದರೆ ಇನ್ನೂ ಒಳ್ಳೆಯದು. ಊಟ ಅಜ್ಜಿಮನೆಯಲ್ಲಿ, ಮೀನು ತಿನ್ನದವರಿಗೆ ಬೇರೆ ಇದೆ. ಹಾರೆ ಅಲ್ಲಿ ಎರಡೇ ಇವೆ. ರೈಲಿನ ಟಿಕೆಟ್ ಈಗಲೇ ಮಾಡಿಸಿ, ಭಟ್ಕಳಕ್ಕೆ ಆಗಲೇ ವೇಟಿಂಗ್ ತೋರಿಸ್ತಾ ಇದೆ.